ಎಂಎಸ್ಸಿ ಝೂವಾಲಜಿ ಓದುತ್ತಿದ್ದೇನೆ, ಡೆವಲಪ್‌ಮೆಂಟಲ್ ಬಯಾಲಜಿ ಲ್ಯಾಬ್ ಒಳಗೆ ಕಾಲಿಡುವುದು ಹೇಗೆ?

ಮಲ್ನಾಡ್ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಝೂವಾಲಜಿ ಮೊದಲ ವರ್ಷ. ಬೆಂಗಳೂರಿನಿಂದ ದೂರ. ಭ್ರೂಣದ ಬೆಳವಣಿಗೆ ಅಂದ್ರೆ ನನಗೆ ಮೊದಲಿನಿಂದಲೂ ಹುಚ್ಚು. ಆದರೆ ನಮ್ಮ ಪ್ರಾಕ್ಟಿಕಲ್ ಅಂದರೆ ಕೋಳಿ ಭ್ರೂಣದ ಹಳೇ ಸ್ಲೈಡುಗಳು, 24 ಗಂಟೆ, 33 ಗಂಟೆ, 48 ಗಂಟೆ, 72 ಗಂಟೆ, ಅದನ್ನ ನೋಡಿ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡರೆ ಮುಗೀತು. ಜೀವ ಇರುವ ಭ್ರೂಣವನ್ನ ಇದುವರೆಗೆ ಯೂಟ್ಯೂಬ್‌ನಲ್ಲಿ ಮಾತ್ರ ನೋಡಿದ್ದೇನೆ.

ಕೇಳಬೇಕಿರುವುದು ಇಷ್ಟು. ಬೇಸಿಗೆ ರಜೆಯಲ್ಲಿ ಒಂದು ಒಳ್ಳೆ ಲ್ಯಾಬ್‌ನಲ್ಲಿ ಕೆಲಸ ಮಾಡೋಕೆ ಅವಕಾಶ ಸಿಗುತ್ತಾ? ನಮ್ಮಂಥ ಕಡೆಯಿಂದ ಬಂದವರನ್ನ ತೆಗೆದುಕೊಳ್ಳುತ್ತಾರಾ, ಅಥವಾ ಐಸರ್ ಥರದ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳವರಿಗೇ ಎಲ್ಲಾನಾ? ನೆಟ್ (ಫೆಲೋಶಿಪ್‌ಗೆ ಬರೆಯೋ ರಾಷ್ಟ್ರಮಟ್ಟದ ಪರೀಕ್ಷೆ) ಇನ್ನೂ ಬರೆದಿಲ್ಲ. ನೊಣ, ಮೀನು, ಕೋಳಿ, ಗಿಡ, ಇದರಲ್ಲಿ ಯಾವುದನ್ನ ಹಿಡಿಯಬೇಕು ಅನ್ನೋದೂ ಗೊತ್ತಾಗುತ್ತಿಲ್ಲ.

ಇನ್ನೊಂದು. ನಮ್ಮ ದೊಡ್ಡಮ್ಮನ ಮಗಳು ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದಾಳೆ, ಸೆಲ್ ಬಯಾಲಜಿ. ಅವಳಿಗೆ ಈ ಫೀಲ್ಡ್‌ನಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದಮೇಲಿನ ಸಂಶೋಧನಾ ಕೆಲಸ, ಮಾಡುವ ಆಸೆ. ಹೊರದೇಶಕ್ಕೆ ಹೋಗಲೇಬೇಕಾ? ಅವಳ ಪರವಾಗಿ ನಾನೇ ಕೇಳುತ್ತಿದ್ದೇನೆ, ಅವಳಿಗೆ ಥೀಸಿಸ್ ಬಿಟ್ಟು ಬೇರೆ ಏನೂ ಕಾಣುತ್ತಿಲ್ಲ ಈಗ.

ನೊಣದ ಕೋಣೆ:

ಬೆಂಗಳೂರಿನ ಒಂದು ಡ್ರೊಸೋಫಿಲಾ (ಹಣ್ಣಿನ ನೊಣ) ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ನಾನೂ ಜಿಲ್ಲಾ ಕೇಂದ್ರದ ಕಾಲೇಜಿನಲ್ಲೇ ಓದಿದವನು, ಆದ್ದರಿಂದ ಐಸರ್‌ನವರಿಗೆ ಮಾತ್ರ ಅನ್ನೋ ಭಯ ಮೊದಲು ಬಿಡಿ. ಅವರಿಗೆ ಮೊದಲ ವರ್ಷದಿಂದಲೇ ಲ್ಯಾಬ್ ಬಾಗಿಲು ತೆರೆದಿರುತ್ತದೆ, ನಮಗೆ ತಟ್ಟಬೇಕು, ವ್ಯತ್ಯಾಸ ಅಷ್ಟೇ.

ನೀವು ಮೊದಲ ವರ್ಷದಲ್ಲೇ ಕೇಳಿದ್ದು ಒಳ್ಳೇದಾಯಿತು. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ರಿಸರ್ಚ್ ಫೆಲೋಶಿಪ್ ಇದೆ, ಅದರಲ್ಲಿ ಒಂದಾದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಬೆಂಗಳೂರಿನಲ್ಲೇ ಇದೆ. ಎರಡು ತಿಂಗಳ ಕೆಲಸ, ಸ್ಟೈಪೆಂಡ್ ಕೊಡುತ್ತಾರೆ. ಅರ್ಜಿ ಚಳಿಗಾಲದಲ್ಲೇ, ನವೆಂಬರ್ ಆಸುಪಾಸಿನಲ್ಲೇ ಮುಗಿದು ಹೋಗುತ್ತದೆ. ಎಷ್ಟೋ ಜನ ಮಾರ್ಚ್‌ನಲ್ಲಿ ಎದ್ದು ಬೇಸಿಗೆಗೆ ಏನಾದ್ರೂ ಇದೆಯಾ ಅಂತ ಕೇಳುತ್ತಾರೆ, ಅಷ್ಟು ಹೊತ್ತಿಗೆ ಹೆಸರುಗಳೇ ಬಂದಿರುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜೆಎನ್‌ಸಿಎಎಸ್‌ಆರ್ ಸಂಶೋಧನಾ ಕೇಂದ್ರ ತನ್ನದೇ ಸಮ್ಮರ್ ಫೆಲೋಶಿಪ್ ನಡೆಸುತ್ತದೆ. ಇವೆಲ್ಲ ಯಾವ ವರ್ಷದ ವಿದ್ಯಾರ್ಥಿಗಳಿಗೆ ಅನ್ನೋ ನಿಯಮವನ್ನ ಸರಿಯಾಗಿ ಓದಿ ಹಾಕಿ.

ಆದರೆ ನನ್ನ ಕೇಳಿದರೆ ಬೇಸಿಗೆ ಎರಡು ತಿಂಗಳಿಗಿಂತ ನಿಮ್ಮ ನಾಲ್ಕನೇ ಸೆಮಿಸ್ಟರ್ ಪ್ರಾಜೆಕ್ಟ್ ಮುಖ್ಯ. ನಿಮ್ಮ ಡಿಪಾರ್ಟ್‌ಮೆಂಟ್ ಹೊರಗಡೆ ಡಿಸರ್ಟೇಶನ್ ಮಾಡೋಕೆ ಬಿಡುತ್ತದೆಯೇ ಅಂತ ಈಗಲೇ ವಿಚಾರಿಸಿ. ಬಿಟ್ಟರೆ ಪೂರ್ತಿ ಒಂದು ಸೆಮಿಸ್ಟರ್ ಸಿಗುತ್ತದೆ. ಎರಡು ತಿಂಗಳಲ್ಲಿ ನೊಣಗಳ ಎರಡು ಮೂರು ಕ್ರಾಸ್ (ಬೇಕಾದ ಗಂಡು ಹೆಣ್ಣು ಸೇರಿಸಿ ಮರಿ ಮಾಡಿಸೋದು) ಮಾಡುವಷ್ಟರಲ್ಲಿ ಬಸ್ಸು ಹತ್ತುವ ದಿನ ಬರುತ್ತದೆ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ರೆಕ್ಕೆ ಬಂದ ನೊಣ ಆಗೋಕೇ ಹತ್ತು ದಿನ ಬೇಕು, ಲೆಕ್ಕ ಹಾಕಿ. ಅದೃಷ್ಟ ಇದ್ದರೆ ಒಂದು ಚಿತ್ರ ಸಿಗುತ್ತದೆ. ಒಂದು ಸೆಮಿಸ್ಟರ್ ಇದ್ದರೆ ಪ್ರಯೋಗ ಕೆಡುತ್ತದೆ, ಯಾಕೆ ಕೆಟ್ಟಿತು ಅಂತ ಗೊತ್ತಾಗುತ್ತದೆ, ಮತ್ತೆ ಮಾಡೋಕೆ ಸಮಯವೂ ಇರುತ್ತದೆ. ಶಿಫಾರಸು ಪತ್ರ ಬರೆಯುವವರಿಗೂ ಬರೆಯೋಕೆ ಏನಾದ್ರೂ ಇರುತ್ತದೆ.

ಎಲ್ಲಿ ಹುಡುಕಬೇಕು ಅಂದರೆ, ಬೆಂಗಳೂರಿನ ಜಿಕೆವಿಕೆ ಕ್ಯಾಂಪಸ್‌ನಲ್ಲಿ ಎನ್‌ಸಿಬಿಎಸ್, ಅದರ ಪಕ್ಕದಲ್ಲೇ ಇನ್‌ಸ್ಟೆಮ್, ಎರಡೂ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳು. ಅಲ್ಲಿ ನೊಣ ಜಾಸ್ತಿ, ಪ್ಲನೇರಿಯನ್ ಹುಳದ ಪುನರುತ್ಪತ್ತಿ (ಕತ್ತರಿಸಿದ ಭಾಗ ಮತ್ತೆ ಬೆಳೆಯೋದು) ನೋಡುವ ಗುಂಪೂ ಇದೆ. ಐಐಎಸ್‌ಸಿಯಲ್ಲಿ ಡೆವಲಪ್‌ಮೆಂಟಲ್ ಬಯಾಲಜಿ ಅಂಡ್ ಜೆನೆಟಿಕ್ಸ್ ಅಂತಲೇ ಒಂದು ವಿಭಾಗ ಇದೆ, ಮೊದಲು ಎಂಆರ್‌ಡಿಜಿ ಅನ್ನುತ್ತಿದ್ದರು, ಹಳೇ ಪೇಪರ್‌ಗಳಲ್ಲಿ ಆ ಹೆಸರೇ ಸಿಗುತ್ತದೆ. ಗಿಡದ ಎಲೆ, ಹೂವು ಹೇಗೆ ರೂಪ ಪಡೆಯುತ್ತವೆ ಅಂತ ನೋಡುವವರೂ ಐಐಎಸ್‌ಸಿಯಲ್ಲೇ ಸಿಗುತ್ತಾರೆ. ಕರ್ನಾಟಕದ ಹೊರಗೆ ಮುಂಬೈನ ಟಿಐಎಫ್‌ಆರ್, ಹೈದರಾಬಾದ್‌ನ ಸಿಸಿಎಂಬಿ, ಪುಣೆಯ ಐಸರ್, ಹೈಡ್ರಾ ಇಷ್ಟ ಇದ್ದರೆ ಪುಣೆಯದೇ ಅಗರ್ಕರ್ ಸಂಸ್ಥೆ, ಕೋಳಿ ಭ್ರೂಣ ಬಿಡೋಕೆ ಮನಸ್ಸಿಲ್ಲ ಅಂದರೆ ಐಐಟಿ ಕಾನ್ಪುರ. ಜಾಹೀರಾತುಗಳಿಗೆ ಇಂಡಿಯಾಬಯೋಸೈನ್ಸ್ ಜಾಲತಾಣ ನೋಡುತ್ತಿರಿ.

ಪ್ರಾಣಿ ಯಾವುದು ಅನ್ನೋ ಪ್ರಶ್ನೆಗೆ. ಪ್ರಾಣಿ ನೋಡಿ ಲ್ಯಾಬ್ ಹಿಡಿಯಬೇಡಿ, ಪ್ರಶ್ನೆ ನೋಡಿ ಹಿಡಿಯಿರಿ. ಆದರೆ ದಿನಾ ಬೆಳಗ್ಗೆ ಎದ್ದು ಏನು ಮಾಡಬೇಕಾಗುತ್ತದೆ ಅನ್ನೋದು ಪ್ರಾಣಿಯಿಂದ ನಿರ್ಧಾರ ಆಗುತ್ತದೆ, ಅದನ್ನ ಯಾರೂ ಮೊದಲೇ ಹೇಳುವುದಿಲ್ಲ. ನೊಣದ ಲ್ಯಾಬ್ ಅಂದರೆ ಹೀಗೆ: ಕ್ರಾಸ್ ಮಾಡೋಕೆ ಗಂಡು ಮುಟ್ಟದ ಹೆಣ್ಣು ನೊಣ ಬೇಕು, ಅದಕ್ಕೆ ವರ್ಜಿನ್ ಕಲೆಕ್ಷನ್ ಅನ್ನುತ್ತೇವೆ. ಹೆಣ್ಣು ಪ್ಯೂಪಾದಿಂದ ಹೊರಬಂದ ಮೇಲೆ ಸುಮಾರು 8 ಗಂಟೆ ಗಂಡನ್ನ ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಬೆಳಗ್ಗೆ ಬಂದ ತಕ್ಷಣ ಬಾಟಲಿ ಖಾಲಿ ಮಾಡಬೇಕು, ಸಂಜೆ ಹೋಗುವ ಮುಂಚೆ ಹೊಸದಾಗಿ ಬಂದವನ್ನ ಆರಿಸಬೇಕು, ಭಾನುವಾರವೂ ಅಷ್ಟೇ. ಕಾರ್ಬನ್ ಡೈಆಕ್ಸೈಡ್ ಬಿಟ್ಟ ಪ್ಯಾಡ್ ಮೇಲೆ ನೊಣಗಳು ಮಲಗಿರುತ್ತವೆ, ಮೈಕ್ರೋಸ್ಕೋಪ್ ಕೆಳಗೆ ಸಣ್ಣ ಬ್ರಷ್‌ನಲ್ಲಿ ಆ ಕಡೆ ಈ ಕಡೆ ತಳ್ಳಬೇಕು. ಎಳೇ ಹೆಣ್ಣಿನ ಮೈ ಬಿಳಿಚಿಕೊಂಡಿರುತ್ತದೆ, ಹೊಟ್ಟೆಯ ಒಂದು ಪಕ್ಕದಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಅದು ಕಂಡರೆ ಧೈರ್ಯವಾಗಿ ತೆಗೆದುಕೊಳ್ಳಬಹುದು. ಆಮೇಲೆ ಮಕ್ಕಳಲ್ಲಿ ರೆಕ್ಕೆ ಮುದುರಿದ್ದು ಯಾವುದು, ಬೆನ್ನಿನ ಕೂದಲು ಮೊಂಡಾಗಿದ್ದು ಯಾವುದು ಅಂತ ಬೇರೆ ಮಾಡಬೇಕು. ಇವು ಬ್ಯಾಲೆನ್ಸರ್ ಕ್ರೋಮೋಸೋಮ್‌ನ (ಜೀನ್‌ಗಳು ಅದಲುಬದಲಾಗದಂತೆ ಕಾಯುವ ವಿಶೇಷ ಕ್ರೋಮೋಸೋಮ್) ಗುರುತುಗಳು. ಆಮೇಲೆ ಲಾರ್ವಾ ಸೀಳುವುದು. ಎರಡು ಫೋರ್ಸೆಪ್ಸ್‌ನಲ್ಲಿ ಹಿಡಿದು ಲಾರ್ವಾವನ್ನ ಕಾಲುಚೀಲ ಮಗುಚಿದ ಹಾಗೆ ಒಳಗು ಹೊರಗು ಮಾಡಿದರೆ ಮುಂದೆ ರೆಕ್ಕೆ ಆಗಬೇಕಾದ ಡಿಸ್ಕ್ ಶ್ವಾಸನಾಳಕ್ಕೆ ಅಂಟಿಕೊಂಡು ಕಾಣುತ್ತದೆ. ಮೊದಲ ವಾರ ಎಲ್ಲವೂ ಹರಿಯುತ್ತದೆ, ಎಲ್ಲರಿಗೂ ಹಾಗೇ.

ಮೀನಿನ ಲ್ಯಾಬ್‌ನವರ ದಿನ ಬೇರೆ. ಝೀಬ್ರಾಫಿಶ್ ಬೆಳಗ್ಗೆ ಲೈಟ್ ಬಂದ ಮೇಲೆ ಮೊಟ್ಟೆ ಇಡುತ್ತದೆ, ಹಾಗಾಗಿ ಅವರು ಹಿಂದಿನ ಸಂಜೆಯೇ ಜೋಡಿ ಹಾಕಿ ಮಧ್ಯೆ ಅಡ್ಡ ತಟ್ಟೆ ಇಟ್ಟಿರುತ್ತಾರೆ. ಭ್ರೂಣ ಪಾರದರ್ಶಕ. ಒಂದು ದಿನ ಕಳೆದರೆ ಹೃದಯ ಬಡಿಯುವುದು ಮೈಕ್ರೋಸ್ಕೋಪ್ ಕೆಳಗೆ ನೇರವಾಗಿ ಕಾಣುತ್ತದೆ. ನಿಮ್ಮ 48 ಗಂಟೆಯ ಸ್ಲೈಡ್ ನೋಡಿ ಬೇಜಾರಾಗಿದ್ದರೆ ಒಮ್ಮೆ ಇದನ್ನ ನೋಡಿ ಬನ್ನಿ.

ನೇರ ಮಾತು:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ಆದರೆ ಒಂದು ಕಹಿ ಮಾತು ಹೇಳಲೇಬೇಕು. ಮೊದಲು ನೆಟ್ ಬರೆಯಿರಿ. ಅದರಿಂದ ಸಿಗೋ ಸಿಎಸ್‌ಐಆರ್ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಕೈಯಲ್ಲಿದ್ದರೆ ನಿಮ್ಮ ದುಡ್ಡು ನಿಮ್ಮ ಜೊತೆ ಬರುತ್ತದೆ. ಗೈಡ್‌ಗೆ ಪ್ರಾಜೆಕ್ಟ್ ಹಣ ಇದ್ದರೂ ಇಲ್ಲದಿದ್ದರೂ ನಿಮ್ಮನ್ನ ತೆಗೆದುಕೊಳ್ಳೋಕೆ ಅವರಿಗೆ ಕಷ್ಟ ಇಲ್ಲ. 2019ರವರೆಗೆ ತಿಂಗಳಿಗೆ 25,000 ರೂಪಾಯಿ ಇತ್ತು, ಸಂಶೋಧನಾ ವಿದ್ಯಾರ್ಥಿಗಳ ಗಲಾಟೆ ಆದ ಮೇಲೆ 31,000 ಆಯಿತು, 2023ರ ಜನವರಿಯಿಂದ 37,000. ಎರಡು ವರ್ಷ ಕಳೆದು ಎಸ್‌ಆರ್‌ಎಫ್ (ಸೀನಿಯರ್ ಫೆಲೋ) ಆದರೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಬೆಂಗಳೂರಿನಲ್ಲಿ ಇಷ್ಟರಲ್ಲಿ ಬದುಕಬಹುದು, ಮೆರೆಯೋಕಾಗಲ್ಲ.

ಇನ್ನೊಂದು ವಿಷಯ, ಸಂಬಳ ಇಲ್ಲದ 'ವಾಲಂಟಿಯರ್' ಕೆಲಸಕ್ಕೆ ಹೋಗಬೇಡಿ. ನನ್ನ ತಮ್ಮ ಒಂದು ಲ್ಯಾಬ್‌ನಲ್ಲಿ ಹಾಗೆ ಇದ್ದ, ಹೆಸರು ಬೇಡ. ಮುಂದಿನ ತಿಂಗಳು ಪೋಸ್ಟ್ ಬರುತ್ತೆ, ಮುಂದಿನ ತಿಂಗಳು ಬರುತ್ತೆ ಅಂತ ಹೇಳಿ ಹೇಳಿ ಪೈಪೆಟ್ ಟಿಪ್ ತುಂಬಿಸಿದ್ದು, ಗಾಜಿನ ಸಾಮಾನು ತೊಳೆದದ್ದೇ ಬಂತು. ಕೊನೆಗೆ ಪತ್ರವೂ ಸಿಗಲಿಲ್ಲ. ಪೇಪರ್‌ನಲ್ಲಿ ಹೆಸರು ಹಾಕುತ್ತೇವೆ ಅನ್ನೋ ಮಾತನ್ನ ಅಕ್ಕಿ ಅಂಗಡಿಯವನು ತೆಗೆದುಕೊಳ್ಳಲ್ಲ.

ನೊಣದ ಕೋಣೆ:

@ನೇರ ಮಾತು, ಎರಡನೇದಕ್ಕೆ ನೂರಕ್ಕೆ ನೂರು ಒಪ್ಪುತ್ತೇನೆ. ಮೊದಲನೇದಕ್ಕೆ ಅರ್ಧ ಮಾತ್ರ. ನೆಟ್ ಬರಲಿ, ಬೇಡ ಅಂದವರು ಯಾರು. ಆದರೆ ನೆಟ್ ಬರೋವರೆಗೆ ಲ್ಯಾಬ್ ಕಡೆ ತಲೆ ಹಾಕೋದೇ ಬೇಡ ಅಂತ ಮೂರು ವರ್ಷ ಕೋಚಿಂಗ್ ಸೆಂಟರ್‌ನಲ್ಲಿ ಕೂತು, ಆಮೇಲೆ ಪಿಎಚ್‌ಡಿ ಸೇರಿ, ಮೈಕ್ರೋಸ್ಕೋಪ್ ಮುಂದೆ ಕೂರೋದು ನನಗೆ ಆಗಲ್ಲ ಅಂತ ಆಗ ಗೊತ್ತಾದವರನ್ನ ನೋಡಿದ್ದೇನೆ. ಎನ್‌ಸಿಬಿಎಸ್‌ಗೆ ಜೆಜಿಇಇಬಿಐಎಲ್‌ಎಸ್ ಅನ್ನೋ ಪ್ರವೇಶ ಪರೀಕ್ಷೆಯ ದಾರಿ ಇದೆ, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ನೆಟ್‌ಗಿಂತ ಪೂರ್ತಿ ಬೇರೆ ಥರ. ಉರು ಹೊಡೆದು ಬರೆಯೋಕಾಗಲ್ಲ, ಒಂದು ಗ್ರಾಫ್ ಕೊಟ್ಟು ಇದರಿಂದ ಏನು ಹೇಳಬಹುದು, ಏನು ಹೇಳೋಕಾಗಲ್ಲ ಅನ್ನೋ ಥರ ಯೋಚನೆ ಮಾಡಿಸುತ್ತದೆ. ಸಂದರ್ಶನದಲ್ಲೂ ಅದೇ ಕಥೆ. 'ನಿನ್ನ ಪ್ರಾಜೆಕ್ಟ್‌ನಲ್ಲಿ ಕಂಟ್ರೋಲ್ ಏನಿತ್ತು' ಅಂತ ಕೇಳಿದರೆ ಲ್ಯಾಬ್‌ನಲ್ಲಿ ಕೂತವರು ಮಾತ್ರ ಉತ್ತರ ಕೊಡುತ್ತಾರೆ.

ಈ ಫೀಲ್ಡ್‌ನಲ್ಲಿ ಕೆಲಸ ಮಾಡಿದವರ ಹೆಸರುಗಳನ್ನೂ ಒಮ್ಮೆ ನೋಡಿ. ಎನ್‌ಸಿಬಿಎಸ್ ನಿರ್ದೇಶಕರಾದ ಎಲ್.ಎಸ್. ಶಶಿಧರ ಕೃಷಿ ವಿಷಯ ಓದಿ ಬಂದವರು. ನೊಣಕ್ಕೆ ಎರಡೇ ರೆಕ್ಕೆ ಯಾಕೆ, ಹಿಂದಿನ ಜೋಡಿ ರೆಕ್ಕೆಯ ಜಾಗದಲ್ಲಿ ಸಣ್ಣ ಗುಂಡಿಯಂಥ ಹಾಲ್ಟೇರ್ ಯಾಕೆ ಬರುತ್ತದೆ, ಯುಬಿಎಕ್ಸ್ ಅನ್ನೋ ಜೀನ್ ಅಲ್ಲಿ ಏನು ಮಾಡುತ್ತದೆ ಅಂತ ವರ್ಷಾನುಗಟ್ಟಲೆ ಹುಡುಕಿದ್ದಾರೆ. ಆ ಜೀನ್ ಅಲ್ಲಿ ಕೆಲಸ ಮಾಡದಿದ್ದರೆ ನೊಣಕ್ಕೆ ನಾಲ್ಕು ರೆಕ್ಕೆ! ಅದನ್ನ ಮಾಡಿ ತೋರಿಸಿದ ಎಡ್ ಲೂಯಿಸ್‌ಗೆ 1995ರಲ್ಲಿ ನೊಬೆಲ್ ಬಂತು. ಭ್ರೂಣದ ಪಟ್ಟಿ ಪಟ್ಟಿ ವಿನ್ಯಾಸದ ಜೀನ್‌ಗಳನ್ನ ಹುಡುಕಿದ ನುಸ್ಲೈನ್-ಫೋಲ್‌ಹಾರ್ಡ್ ಮತ್ತು ವೀಶೌಸ್ ಅವರಿಗೂ ಅದೇ ವರ್ಷ, ಅದೇ ಬಹುಮಾನ.

ಮೈಸೂರು ಮೇಷ್ಟ್ರು:

ನೋಡಮ್ಮ, ಎಲ್ಲರೂ ಬೆಂಗಳೂರು ಬೆಂಗಳೂರು ಅನ್ನುತ್ತಾರೆ. ಡ್ರೊಸೋಫಿಲಾ ಅಂದರೆ ನಮ್ಮ ರಾಜ್ಯದಲ್ಲಿ ಮಾನಸಗಂಗೋತ್ರಿಯನ್ನ ಮರೆಯಬಾರದು. ಮೈಸೂರು ವಿಶ್ವವಿದ್ಯಾಲಯದ ಝೂವಾಲಜಿ ವಿಭಾಗದಲ್ಲಿ ಡ್ರೊಸೋಫಿಲಾ ಸ್ಟಾಕ್ ಸೆಂಟರ್ (ಬೇರೆ ಬೇರೆ ನೊಣದ ತಳಿಗಳನ್ನ ಸಾಕಿ ಇಡೋ ಜಾಗ) ಇದೆ. ಎಚ್.ಎ. ರಂಗನಾಥ್ ಅವರ ಗುಂಪು ಡ್ರೊಸೋಫಿಲಾ ನಸುಟಾ ಮತ್ತು ಆಲ್ಬೋಮಿಕಾನ್ಸ್ ಅನ್ನೋ ಎರಡು ಬಗೆಯ ನೊಣಗಳನ್ನ ಸೇರಿಸಿ ಬೆಳೆಸಿದ ಸಂತತಿಗಳ ಮೇಲೆ ಮಾಡಿದ ಕೆಲಸ ಹೊರಗಿನವರಿಗೂ ಗೊತ್ತು. ಅದು ಜಾಸ್ತಿ ವಿಕಾಸ, ಸೈಟೋಜೆನೆಟಿಕ್ಸ್ (ಕ್ರೋಮೋಸೋಮ್‌ಗಳ ಅಧ್ಯಯನ) ಕಡೆಗೆ, ಭ್ರೂಣದ ಬೆಳವಣಿಗೆ ಅಲ್ಲ. ಆದರೆ ನೊಣ ಸಾಕೋದು, ಗುರುತಿಸೋದು, ಕ್ರಾಸ್ ಹಾಕೋದು ಕಲಿಯೋಕೆ ಅಲ್ಲಿಗಿಂತ ಒಳ್ಳೆ ಜಾಗ ಬೇಕಾ?

ನಿನಗೆ ಜೀವ ಇರೋ ಭ್ರೂಣ ನೋಡಬೇಕು ಅಷ್ಟೇ ತಾನೆ? ಅದಕ್ಕೆ ಅರ್ಜಿ ಯಾಕೆ. ನಿನ್ನ ಡಿಪಾರ್ಟ್‌ಮೆಂಟ್‌ನಲ್ಲೇ ಈ ವಾರ ಶುರು ಮಾಡು. ಮಾಗಿದ ಬಾಳೆಹಣ್ಣು ಒಂದು ಬಾಟಲಿಗೆ ಹಾಕಿ ಕಿಟಕಿ ಹತ್ತಿರ ಇಡು, ಮಾರನೇ ದಿನ ಹತ್ತಿ ಬಿರಡೆ ಹಾಕು. ನಮ್ಮ ಕಡೆ ನೊಣಕ್ಕೆ ಮಾಡೋ ಅಡುಗೆ ಹೀಗೆ: 1 ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, 10 ಗ್ರಾಂ ಅಗಾರ್, ಕೊನೆಗೆ ಬೂಷ್ಟು ಬಾರದಿರಲಿ ಅಂತ 7.5 ಮಿಲಿ ಪ್ರೊಪಿಯೋನಿಕ್ ಆಸಿಡ್. ಕುದಿಸಿ ಬಾಟಲಿಗೆ ಬಿಸಿಬಿಸಿ ಹುಯ್ದು ಆರೋಕೆ ಬಿಡು, ಮೇಲೆ ಸ್ವಲ್ಪ ಯೀಸ್ಟ್. ಆಸಿಡ್ ಹಾಕುವಾಗ ಮುಖ ದೂರ ಇಟ್ಟುಕೋ, ಘಾಟು ಹೊಡೆಯುತ್ತೆ. ದೊಡ್ಡ ಸಂಸ್ಥೆಗಳಲ್ಲಿ ಮುಸುಕಿನ ಜೋಳದ ಹಿಟ್ಟು, ಸಕ್ಕರೆ ಹಾಕುತ್ತಾರೆ, ನೊಣಕ್ಕೆ ಎರಡೂ ನಡೆಯುತ್ತೆ. ಮೊಟ್ಟೆ ಇಟ್ಟಮೇಲೆ ಒಂದೊಂದೇ ಗಂಟೆಗೆ ತೆಗೆದು ಸ್ಲೈಡ್ ಮೇಲೆ ಎರಡು ಹನಿ ಎಣ್ಣೆಯಲ್ಲಿ ಇಟ್ಟು ನೋಡು. ಹೊರಗಿನ ಚಿಪ್ಪು ತೆಗೆಯೋಕೆ ನೀರು ಬೆರೆಸಿದ ಬ್ಲೀಚ್ ಸಾಕು, ಹೊಳಪು ಬಂದ ಕೂಡಲೇ ತೊಳೆದುಬಿಡಬೇಕು.

ಹೀಗೆ ಸುಮ್ನೆ ಮಾಡಿದ್ದನ್ನ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಟ್ಟುಕೋ. ಆಮೇಲೆ ಬೆಂಗಳೂರಿನವರಿಗೆ ಪತ್ರ ಬರೆಯುವಾಗ 'ನನಗೆ ತುಂಬಾ ಆಸಕ್ತಿ' ಅಂತ ಬರೆಯೋ ಬದಲು ಇದನ್ನ ಬರಿ. ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಹೇಳೋದು. ಎಲ್ಲರೂ ತಲೆ ಆಡಿಸುತ್ತಾರೆ, ಮಾಡೋರು ಕಡಿಮೆ.

ಅಂದ ಹಾಗೆ ರಾಜ್ಯದ ವಿಶ್ವವಿದ್ಯಾಲಯದಲ್ಲೇ ಪಿಎಚ್‌ಡಿ ಮಾಡುತ್ತೇನೆ ಅಂದರೆ ಕೆಸ್ಟೆಪ್ಸ್ ಅನ್ನೋ ರಾಜ್ಯ ಸರ್ಕಾರದ ಸಂಸ್ಥೆ ಕೊಡುವ ಫೆಲೋಶಿಪ್ ಇದೆ, ಅದನ್ನೂ ನೋಡು.

ಎಲ್ಬೆ ದಡದವಳು:

ಅಕ್ಕನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಜರ್ಮನಿಯಲ್ಲಿ ಝೀಬ್ರಾಫಿಶ್ ಲ್ಯಾಬ್‌ನಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ, ಊರು ಧಾರವಾಡ ಕಡೆ.

ಹೊರದೇಶಕ್ಕೆ ಹೋಗಲೇಬೇಕು ಅಂತ ಏನೂ ಇಲ್ಲ. ಆದರೆ ಅವಳಿಗೆ ಮುಂದೆ ಸ್ವಂತ ಲ್ಯಾಬ್ ಬೇಕಾದರೆ ನಮ್ಮ ದೇಶದ ಆಯ್ಕೆ ಸಮಿತಿಗಳು ಇವತ್ತಿಗೂ ಹೊರಗಿನ ಅನುಭವವನ್ನ ಜಾಸ್ತಿ ತೂಗುತ್ತವೆ. ಇದು ಸರಿ ಅಂತ ನಾನು ಹೇಳುತ್ತಿಲ್ಲ. ಭಾರತದಲ್ಲೇ ಮಾಡಿ ಒಳ್ಳೆ ಕೆಲಸ ತೋರಿಸಿದವರನ್ನ ಪಕ್ಕಕ್ಕೆ ಸರಿಸುವುದನ್ನ ನೋಡಿದರೆ ಸಿಟ್ಟು ಬರುತ್ತದೆ.

ಅವಳು ಮೊದಲು ಒಂದು ವಿಷಯ ತಿಳಿಯಬೇಕು, ಗಡಿಯಾರ ಡಿಗ್ರಿ ಸಿಕ್ಕ ದಿನದಿಂದ ಓಡುತ್ತದೆ. ಯುರೋಪಿನ ಎಂಬೋ ಸಂಸ್ಥೆಯ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ ಎರಡು ವರ್ಷದ ಒಳಗೆ ಅರ್ಜಿ ಹಾಕಬೇಕು, ದೇಶ ಬದಲಾಯಿಸಲೇಬೇಕು. ಫೆಲೋಶಿಪ್ ಎರಡು ವರ್ಷದ್ದು. ಎಚ್‌ಎಫ್‌ಎಸ್‌ಪಿ ಅನ್ನೋ ಅಂತರರಾಷ್ಟ್ರೀಯ ಫೆಲೋಶಿಪ್ ಮೂರು ವರ್ಷದ್ದು, ಅದು ಪಿಎಚ್‌ಡಿಯಲ್ಲಿ ಮಾಡಿದ್ದನ್ನೇ ಮುಂದುವರಿಸುವವರಿಗೆ ಅಲ್ಲ, ದಿಕ್ಕು ಬದಲಾಯಿಸುವವರಿಗೆ. ಸೆಲ್ ಬಯಾಲಜಿಯಿಂದ ಡೆವಲಪ್‌ಮೆಂಟ್‌ಗೆ ಬರುವವಳಿಗೆ ಇದು ಚೆನ್ನಾಗಿ ಹೊಂದುತ್ತದೆ, ಆದರೆ 'ನಾನು ಮೀನಿಗೆ ಬದಲಾದೆ' ಅಂದರೆ ಅವರಿಗೆ ಸಾಲದು, ಪ್ರಶ್ನೆಯೇ ಬದಲಾಗಿರಬೇಕು. ಯುರೋಪಿಯನ್ ಯೂನಿಯನ್ ಕೊಡುವ ಮರೀ ಕ್ಯೂರಿ ಫೆಲೋಶಿಪ್‌ನಲ್ಲಿ ಇನ್ನೊಂದು ಕಟ್ಟು: ಹೋಗಬೇಕಾದ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಜಾಸ್ತಿ ತಿಂಗಳು ಇದ್ದಿರಬಾರದು. ಅಂದರೆ ಮೊದಲು ಬಂದು ಸೇರಿ, ಆಮೇಲೆ ನಿಧಾನಕ್ಕೆ ಅರ್ಜಿ ಹಾಕೋಣ ಅಂತ ಕೂತರೆ ಬಾಗಿಲು ಮುಚ್ಚುತ್ತದೆ. ಇದರಲ್ಲಿ ಸಿಕ್ಕಿಹಾಕಿಕೊಂಡವರು ನಮ್ಮ ಕಟ್ಟಡದಲ್ಲೇ ಇದ್ದಾರೆ.

ಆದ್ದರಿಂದ ಥೀಸಿಸ್ ಬರೆಯುತ್ತಿರುವಾಗಲೇ ಲ್ಯಾಬ್‌ಗಳಿಗೆ ಬರೆಯಬೇಕು. ಫೆಲೋಶಿಪ್‌ನ ಪ್ರಸ್ತಾವನೆಯನ್ನ ಆ ಲ್ಯಾಬ್‌ನವರ ಜೊತೆ ಕೂತು ತಯಾರಿಸಬೇಕಾಗುತ್ತದೆ, ಅದಕ್ಕೇ ತಿಂಗಳುಗಳು ಹಿಡಿಯುತ್ತವೆ.

ಜರ್ಮನಿ ಬಗ್ಗೆ ಎರಡು ಮಾತು. ಕೇಳಬೇಕಾದ ಮೊದಲ ಪ್ರಶ್ನೆ: ಕಾಂಟ್ರಾಕ್ಟಾ, ಸ್ಟೈಪೆಂಡಾ? ಕಾಂಟ್ರಾಕ್ಟ್ ಅಂದರೆ ಸಾಮಾನ್ಯವಾಗಿ ಇ13 ಅನ್ನೋ ದರ್ಜೆಯ ಸಂಬಳ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲಾ ಅದರಲ್ಲೇ ಬರುತ್ತದೆ. ಸ್ಟೈಪೆಂಡ್‌ನಲ್ಲಿ ಕೈಗೆ ಬರೋ ದುಡ್ಡು ಮೇಲ್ನೋಟಕ್ಕೆ ಚೆನ್ನಾಗಿ ಕಾಣುತ್ತದೆ, ವಿಮೆ ನಾವೇ ಕಟ್ಟುವಾಗ ಗೊತ್ತಾಗುತ್ತದೆ. ಮತ್ತೆ ಇಲ್ಲಿನ ಕಾನೂನಿನ ಪ್ರಕಾರ ಪಿಎಚ್‌ಡಿ ಆದಮೇಲೆ ತಾತ್ಕಾಲಿಕ ಕಾಂಟ್ರಾಕ್ಟ್‌ಗಳಿಗೆ ಸಾಮಾನ್ಯವಾಗಿ 6 ವರ್ಷದ ಮಿತಿ ಇದೆ. ಜನ ಇದನ್ನ ಐದನೇ ವರ್ಷದಲ್ಲಿ ಓದುತ್ತಾರೆ.

ಭಾರತದಲ್ಲೇ ಇರುತ್ತೇನೆ ಅಂದರೆ: ಮೊದಲು ಎಸ್‌ಇಆರ್‌ಬಿ ಕೊಡುತ್ತಿದ್ದ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಈಗ ಅದರ ಜಾಗಕ್ಕೆ ಬಂದ ಕೇಂದ್ರದ ಎಎನ್‌ಆರ್‌ಎಫ್ ಕೈಯಲ್ಲಿದೆ, ಎರಡು ವರ್ಷ, ವಯಸ್ಸಿನ ಮಿತಿ 35, ಮಹಿಳೆಯರಿಗೆ ಸಡಿಲಿಕೆ ಇದೆ. ಡಿಬಿಟಿ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ) ರಿಸರ್ಚ್ ಅಸೋಸಿಯೇಟ್‌ಶಿಪ್ ಐಐಎಸ್‌ಸಿ ಮೂಲಕ ನಡೆಯುತ್ತದೆ. ಆರ್‌ಎ (ರಿಸರ್ಚ್ ಅಸೋಸಿಯೇಟ್) ದರ 2023ರಿಂದ ತಿಂಗಳಿಗೆ ಮೂರು ಹಂತದಲ್ಲಿ 58,000, 61,000, 67,000. ದೊಡ್ಡದು ಅಂದರೆ ಡಿಬಿಟಿ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್‌ನ ಅರ್ಲಿ ಕರಿಯರ್ ಫೆಲೋಶಿಪ್, ಐದು ವರ್ಷ, ಸಂಶೋಧನೆಗೆ ಬೇಕಾದ ಹಣವೂ ಅವಳ ಹೆಸರಲ್ಲೇ ಬರುತ್ತದೆ. ಸಿಗೋದು ಕಷ್ಟ. ಆದರೆ ಸಂದರ್ಶನದವರೆಗೆ ಹೋದರೂ ಪ್ರಸ್ತಾವನೆ ಬರೆಯೋದು ಬಂದುಬಿಡುತ್ತದೆ. ಹೊರಗೆ ಹೋಗಿ ವಾಪಸ್ ಬರೋಕೆ ರಾಮಲಿಂಗಸ್ವಾಮಿ ಫೆಲೋಶಿಪ್ ಇದೆ, ಅದೂ ಐದು ವರ್ಷದ್ದು.

ಎರಡರ ಮಧ್ಯೆ ಇನ್ನೊಂದಿದೆ, ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಕಂಪನಿ ಆಫ್ ಬಯಾಲಜಿಸ್ಟ್ಸ್ ಅನ್ನೋ ಬ್ರಿಟನ್ನಿನ ಸಂಸ್ಥೆ ಟ್ರಾವೆಲಿಂಗ್ ಫೆಲೋಶಿಪ್ ಕೊಡುತ್ತದೆ, 3,000 ಪೌಂಡ್‌ವರೆಗೆ. ಪಿಎಚ್‌ಡಿ ವಿದ್ಯಾರ್ಥಿಗಳೂ ಪೋಸ್ಟ್‌ಡಾಕ್‌ಗಳೂ ಬೇರೆ ಲ್ಯಾಬ್‌ಗೆ ಹೋಗಿ ಒಂದು ತಂತ್ರ ಕಲಿತು ಬರಬಹುದು. ಅದೇ ಸಂಸ್ಥೆ ನಡೆಸುವ 'ದಿ ನೋಡ್' ಜಾಲತಾಣದಲ್ಲಿ ನಮ್ಮ ಫೀಲ್ಡ್‌ನ ಕೆಲಸಗಳ ಜಾಹೀರಾತು ಬರುತ್ತವೆ. ಭಾರತದವರಿಗೆ ಇಂಡಿಯನ್ ಸೊಸೈಟಿ ಆಫ್ ಡೆವಲಪ್‌ಮೆಂಟಲ್ ಬಯಾಲಜಿಸ್ಟ್ಸ್ ಇದೆ, ಅವರ ಸಮ್ಮೇಳನಕ್ಕೆ ಒಂದು ಪೋಸ್ಟರ್ ಹಿಡಿದು ಹೋದರೆ ಈ ದೇಶದಲ್ಲಿ ಈ ಕೆಲಸ ಮಾಡುವ ಬಹಳಷ್ಟು ಜನರನ್ನ ಒಂದೇ ಊಟದ ಸಾಲಿನಲ್ಲಿ ಮಾತಾಡಿಸಬಹುದು.

ಕೊನೆಯದಾಗಿ, ಲ್ಯಾಬ್ ಒಪ್ಪಿಕೊಳ್ಳುವ ಮುಂಚೆ ಅಲ್ಲಿಂದ ಬಿಟ್ಟು ಹೋದವರ ಜೊತೆ ಮಾತಾಡಲಿ. ಈಗ ಇರುವವರು ಗೈಡ್ ಪಕ್ಕದ ಕೋಣೆಯಲ್ಲಿ ಇರುವಾಗ ಎಷ್ಟು ಹೇಳಿಯಾರು? ಎರಡೇ ಪ್ರಶ್ನೆ ಸಾಕು: ಹೋಗುವಾಗ ನಿಮ್ಮ ಪ್ರಾಜೆಕ್ಟನ್ನ ಜೊತೆಗೆ ಒಯ್ಯೋಕೆ ಬಿಟ್ಟರಾ? ಮೊದಲ ಪೇಪರ್‌ಗೆ ಎಷ್ಟು ವರ್ಷ ಹಿಡಿಯಿತು? ಮೊದಲನೇದಕ್ಕೆ ತಡವರಿಸಿದರೆ ಅದೇ ಉತ್ತರ.

ಮಲ್ನಾಡ್ ಹುಡುಗಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಪೂರ್ತಿ ಕಳಿಸಿದೆ, ಆ 36 ತಿಂಗಳ ವಿಷಯ ಅವಳಿಗೂ ಗೊತ್ತಿರಲಿಲ್ಲ. ಮೇಷ್ಟ್ರೇ, ನಮ್ಮ ಲ್ಯಾಬ್ ಅಟೆಂಡರ್ ಅಣ್ಣನಿಗೆ ರವೆ ಬೆಲ್ಲದ ಪಟ್ಟಿ ಕೊಟ್ಟರೆ 'ಏನಮ್ಮ, ಸಜ್ಜಿಗೆನಾ' ಅಂದರು. ಪ್ರೊಪಿಯೋನಿಕ್ ಆಸಿಡ್ ನಮ್ಮ ಸ್ಟೋರ್‌ನಲ್ಲಿ ಇಲ್ಲ, ಇಂಡೆಂಟ್ ಹಾಕಿದ್ದೇವೆ.

ಈಗ ಇಮೇಲ್ ಬರೆಯಲು ಕೂತಿದ್ದೇನೆ. ಕ್ಲಾಸ್‌ಮೇಟ್ ಒಬ್ಬ ಅರವತ್ತು ಜನಕ್ಕೆ ಒಂದೇ ಇಮೇಲ್ ಕಳಿಸಿದನಂತೆ, ಒಂದೂ ಉತ್ತರ ಇಲ್ಲ. ನಾನು ಹೀಗೆ ಶುರು ಮಾಡಿದ್ದೇನೆ: ಮೊದಲು ನನ್ನ ಹೆಸರು, ಕಾಲೇಜು, ಎಸ್ಸೆಸ್ಸೆಲ್ಸಿಯಿಂದ ಅಂಕಗಳು. ಆಮೇಲೆ 'ನಿಮ್ಮ ಗೌರವಾನ್ವಿತ ಸಂಸ್ಥೆಯಲ್ಲಿ ಕೆಲಸ ಮಾಡುವುದು ನನ್ನ ಬಾಲ್ಯದ ಕನಸು' ಅಂತ ಇಂಗ್ಲಿಷ್‌ನಲ್ಲಿ. ಆಮೇಲೆ ಅವರ ಒಂದು ಪೇಪರ್ ಓದಿದೆ ಅಂತ. ನಿಜವಾಗಲೂ ಓದಿದ್ದೇನೆ, ರೆಕ್ಕೆ ಡಿಸ್ಕ್‌ನಲ್ಲಿ ಕೋಶಗಳು ಸತ್ತಮೇಲೂ ರೆಕ್ಕೆ ಸರಿಯಾದ ಅಳತೆಗೇ ಬರುವ ಬಗ್ಗೆ. ಮೂರನೇ ಚಿತ್ರದ ತನಕ ಅರ್ಥ ಆಯಿತು. ಸರಿ ಇದೆಯಾ? ಉತ್ತರ ಬರದಿದ್ದರೆ ಮತ್ತೆ ಬರೆದರೆ ಬೇಜಾರು ಮಾಡಿಕೊಳ್ಳುತ್ತಾರಾ?

ನೊಣದ ಕೋಣೆ:

ಅರವತ್ತು ಜನಕ್ಕೆ ಕಳಿಸಿದ್ದು ಅವರಿಗೆ ಗೊತ್ತಾಗುತ್ತದೆ. ನಮ್ಮ ಮೇಡಂಗೆ 'ಡಿಯರ್ ಸರ್' ಅಂತ ಬರುವ ಇಮೇಲ್‌ಗಳು ಎಷ್ಟೋ, ಕೆಲವದರಲ್ಲಿ ಪಕ್ಕದ ಲ್ಯಾಬ್‌ನ ಪೇಪರ್ ಹೊಗಳಿರುತ್ತಾರೆ. ಐದು ಲ್ಯಾಬ್ ಆರಿಸಿ, ಐದಕ್ಕೂ ಬೇರೆ ಬೇರೆ ಬರೆಯಿರಿ.

ಬಾಲ್ಯದ ಕನಸು ತೆಗೆಯಿರಿ. ಎಸ್ಸೆಸ್ಸೆಲ್ಸಿ ಅಂಕ ಸಿವಿಯಲ್ಲಿ ಇರಲಿ, ಇಮೇಲ್‌ನಲ್ಲಿ ಬೇಡ. ಪೇಪರ್ ವಿಷಯ ಕೊನೆಗೆ ಇಟ್ಟಿದ್ದೀರಿ, ಅದನ್ನ ಎರಡನೇ ಸಾಲಿಗೆ ತನ್ನಿ. 'ಓದಿದೆ, ಇಷ್ಟ ಆಯಿತು' ಅಂತ ನಿಲ್ಲಿಸಬೇಡಿ, ನಿಮಗೆ ಹುಟ್ಟಿದ ಪ್ರಶ್ನೆ ಬರೆಯಿರಿ. ಕೋಶ ಸತ್ತ ಮೇಲೆ ಪಕ್ಕದ ಕೋಶಗಳು ಜಾಸ್ತಿ ವಿಭಜನೆ ಆಗಿ ಜಾಗ ತುಂಬುತ್ತವಲ್ಲ, ಸಾಕು ನಿಲ್ಲಿಸು ಅಂತ ಅವಕ್ಕೆ ಹೇಳುವುದು ಯಾವುದು? ನಿಮಗೆ ಇದೇ ಹೊಳೆಯಬೇಕು ಅಂತಿಲ್ಲ, ನಾಲ್ಕನೇ ಚಿತ್ರ ಯಾಕೆ ಅರ್ಥ ಆಗಲಿಲ್ಲ ಅನ್ನೋದೇ ಒಂದು ಒಳ್ಳೆ ಪ್ರಶ್ನೆ ಆಗಬಹುದು. ಪೆದ್ದು ಪ್ರಶ್ನೆ ಆದರೂ ನಿಮ್ಮದಾದರೆ ಓದುತ್ತಾರೆ. ಆಮೇಲೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಹುದು, ಫೆಲೋಶಿಪ್‌ಗೆ ಅರ್ಜಿ ಹಾಕಿದ್ದೀರಾ ಇಲ್ಲವಾ, ಡಿಪಾರ್ಟ್‌ಮೆಂಟ್ ಒಪ್ಪಿಗೆ ಇದೆಯಾ, ಇಷ್ಟನ್ನ ಸ್ಪಷ್ಟವಾಗಿ ಹಾಕಿ. ಮೇಷ್ಟ್ರು ಹೇಳಿದ ನೊಣದ ಬಾಟಲಿ ಅಷ್ಟರಲ್ಲಿ ಶುರು ಆಗಿದ್ದರೆ ಒಂದು ಸಾಲು ಅದಕ್ಕೂ. ಎಲ್ಲಾ ಸೇರಿ ಮೊಬೈಲ್ ಪರದೆಯಲ್ಲಿ ಒಮ್ಮೆ ಸರಿಸಿದರೆ ಮುಗಿಯಬೇಕು.

ಎರಡು ವಾರ ಕಾದು ಅದೇ ಇಮೇಲ್‌ಗೆ ಉತ್ತರ ರೂಪದಲ್ಲಿ ಎರಡು ಸಾಲು ನೆನಪಿಸಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಗ್ರಾಂಟ್ ಬರೆಯುತ್ತಾ ಮರೆತಿರುತ್ತಾರೆ. ಎರಡನೇ ಸಲವೂ ಬರದಿದ್ದರೆ ಆ ಲ್ಯಾಬ್‌ನ ಪಿಎಚ್‌ಡಿ ವಿದ್ಯಾರ್ಥಿಗೆ ಬರೆಯಿರಿ, ಜಾಗ ಇದೆಯಾ ಇಲ್ಲವಾ ಅಂತ ನಮಗೆ ಗೊತ್ತಿರುತ್ತದೆ, ಮತ್ತು ನಿಮಗೆ ವರ್ಜಿನ್ ಆರಿಸೋದು ಕಲಿಸುವವರೂ ನಾವೇ.

ಸಿವಿ ಪಿಡಿಎಫ್ ಮಾಡಿ, ಫೈಲ್‌ಗೆ ನಿಮ್ಮ ಹೆಸರು ಇಡಿ. 'ಸಿವಿ ಫೈನಲ್ ನ್ಯೂ 2' ಅಂತ ಕಳಿಸಬೇಡಿ, ನಮ್ಮ ಮೇಡಂ ಡೌನ್‌ಲೋಡ್ ಫೋಲ್ಡರ್ ತುಂಬಾ ಅದೇ ಇದೆ.